ಟೊಂಕ ನೋವಿಗೆ ‘ಎಲುಬು ಕೂಡಿಸುವವರ’ ಹತ್ತಿರ ಹೋಗುವ ಮುಂಚೆ

ಮೊಬೈಲ್‌ನಲ್ಲಿ ಬೆನ್ನು ಲಟಲಟ ಅನ್ನಿಸುವ ವಿಡಿಯೊ ನೋಡಿ ಕೈರೋಪ್ರಾಕ್ಟಿಕ್‌ಗೆ (ಕೈಯಿಂದ ಬೆನ್ನೆಲುಬು ಒತ್ತಿ, ತಿರುವಿ ಮಾಡುವ ಚಿಕಿತ್ಸೆ) ಹೊರಟವರು ದಯವಿಟ್ಟು ಇದನ್ನು ಓದಿ. ನನ್ನ ತಮ್ಮ ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ.

ಅವನು ಇಳಕಲ್‌ನಲ್ಲಿ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾನೆ. ಇನ್ನೂ ಮೂವತ್ತು ದಾಟಿಲ್ಲ. ಟೊಂಕದ ಕೆಳಗೆ ನೋವು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ದಿನವಿಡೀ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವ ಕೆಲಸ, ನೋವು ಬರದೆ ಇರುತ್ತಾ ಅಂದರು ಎಲ್ಲರೂ. ಯಾರೋ ಬಾಗಲಕೋಟೆಯ ಒಬ್ಬರ ವಿಳಾಸ ಕೊಟ್ಟರು.

ಅವರು ಬೋರಲು ಮಲಗಿಸಿ ಎರಡೂ ಹಿಮ್ಮಡಿ ಜೋಡಿಸಿ ನೋಡಿದರು. “ಒಂದು ಕಾಲು ಗಿಡ್ಡ ಆಗೈತಿ ತಮ್ಮಾ. ಎಲುಬು ಸರದೈತಿ, ಕೂಡಸ್ತೀನಿ.” ಪರೀಕ್ಷೆ ಅಂದರೆ ಅಷ್ಟೇ. ಮಲಗುವ ರೀತಿ ಸ್ವಲ್ಪ ಬದಲಾದರೂ ಕಾಲು ಹಾಗೆ ಕಾಣಬಹುದು. ಮಗ್ಗುಲಿಗೆ ಹೊರಳಿಸಿ, ಮೊಣಕಾಲು ಮಡಚಿ, ಭುಜ ಹಿಂದಕ್ಕೆ ಒತ್ತಿ ಒಮ್ಮೆಲೇ ತಿರುವಿದರು. ಲಟಕ್ ಅಂತು. “ಕೂಡ್ತು ನೋಡು.”

ಸಂಜೆವರೆಗೆ ಹಗುರ, ಆಮೇಲೆ ಮತ್ತದೇ ನೋವು. ಪ್ಯಾಕೇಜ್ ಅಂತ ದುಡ್ಡು ಮುಂಗಡವಾಗಿ ಕಟ್ಟಿಸಿಕೊಂಡಿದ್ದರು. ನೋವು ಜಾಸ್ತಿಯಾಯಿತು ಅಂದರೆ “ಹಳೇ ನೋವು ಹೊರಬೀಳಾಕತ್ತೈತಿ” ಅಂದರು. ನನಗೆ ಸಿಟ್ಟು ಬರುವುದು ಈ ಮಾತಿಗೇ. ಇಳಿದರೂ ಇವರ ಕೈಗುಣ, ಏರಿದರೂ ಇವರ ಕೈಗುಣ!

ಕಡೆಗೆ ಕೀಲುವಾತದ ಡಾಕ್ಟರು ಕೇಳಿದರು: ಬೆಳಗ್ಗೆ ಬಿಗಿತ ಎಷ್ಟು ಹೊತ್ತು ಇರುತ್ತೆ? ಓಡಾಡಿದರೆ ಕಡಿಮೆ ಆಗುತ್ತಾ? ರಾತ್ರಿ ನೋವಿಗೆ ಎಚ್ಚರ ಆಗುತ್ತಾ? ಉರಿಯೂತದ ನೋವಿನ ಈ ಲಕ್ಷಣ ಎಲ್ಲವೂ ಅವನಿಗೆ ಇತ್ತು. ಎಂಆರ್‌ಐಯಲ್ಲಿ ಸ್ಯಾಕ್ರೊಇಲಿಯಾಕ್ ಕೀಲಿನ, ಅಂದರೆ ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಕೂಡುವ ಕೀಲಿನ, ಉರಿಯೂತ ಕಂಡಿತು. ಬೆನ್ನಿನ ಕೀಲುಗಳಿಗೆ ಉರಿಯೂತ ಬರುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆಯ ಶುರು. ಈ ಕಾಯಿಲೆ ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಬೆಳೆದರೆ ಬೆನ್ನಿನ ಎಲುಬುಗಳು ಒಂದಕ್ಕೊಂದು ಬೆಸೆದು ಪೆಡಸಾಗುತ್ತವೆ. ಅಂಥ ಬೆನ್ನನ್ನು ಜೋರಾಗಿ ತಿರುವಿದರೆ ಮುರಿಯಲೂಬಹುದು. ಅವನಿಗೆ ಬೇಕಾಗಿದ್ದು ಉರಿಯೂತದ ಔಷಧ ಮತ್ತು ದಿನವೂ ವ್ಯಾಯಾಮ. ಅದು ಸಿಗಬೇಕಾದ ತಿಂಗಳುಗಳು ಸುಮ್ನೆ ಹೋದವು.

ಇನ್ನು ‘ಎಲುಬು ಸರದೈತಿ’ ಅನ್ನುವ ಮಾತು. ಆ ಸ್ಯಾಕ್ರೊಇಲಿಯಾಕ್ ಕೀಲು ಗಟ್ಟಿ ನಾರುಗಳಿಂದ ಬಿಗಿದದ್ದು. ಅಲುಗುವುದೇ ಕೆಲವೇ ಡಿಗ್ರಿ. ಕೂತು ಎದ್ದರೆ ಸರಿಯುವಂಥದ್ದಲ್ಲ. ಲಟಕ್ ಶಬ್ದ ಕೀಲಿನ ದ್ರವದಲ್ಲಿನ ಗಾಳಿಗುಳ್ಳೆಯದು, ಬೆರಳ ಲಟಿಕೆಯ ಹಾಗೆ. ಎಲುಬು ಕೂಡಿತು ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ.

ಈ ಕೈರೋಪ್ರಾಕ್ಟಿಕ್ ಪದ್ಧತಿ 1895ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅಲ್ಲಿ ವರ್ಷಗಟ್ಟಲೆ ಓದಿ ಲೈಸೆನ್ಸ್ ಪಡೆಯಬೇಕು. ಕಲಿತವರ ಕೈಯಲ್ಲಿ ಸಾಮಾನ್ಯ ಟೊಂಕ ನೋವಿಗೆ ಸ್ವಲ್ಪ ಆರಾಮ ಸಿಗುವುದೂ ಉಂಟು. ಆದರೆ ಮೊದಲು ಯಾವ ನೋವು ಅಂತ ಗೊತ್ತಾಗಬೇಕು, ಅಲ್ವಾ? ಎಲ್ಲಿ ಓದಿದ್ದೀರಿ ಅಂತ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಂಡರೆ ಎದ್ದು ಬನ್ನಿ.

ಎಲುಬು ಸವೆದು ಟೊಳ್ಳಾದ ವಯಸ್ಸಾದವರು, ಸ್ಟೆರಾಯ್ಡ್ ತುಂಬಾ ದಿನ ತೆಗೆದುಕೊಂಡವರು, ಕ್ಯಾನ್ಸರ್ ಆದವರು ಬೆನ್ನು ತಿರುವಿಸಿಕೊಳ್ಳಲೇಬೇಡಿ. ಟೊಂಕ ನೋವಿನ ಜೊತೆ ಮೂತ್ರ ಕಟ್ಟಿದರೆ, ತೊಡೆಸಂದಿನಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲು ಬಾರದಿದ್ದರೆ, ಬೆಳಗಾಗಲಿ ಅಂತ ಕಾಯದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ.