ಐಇಎಲ್‌ಟಿಎಸ್ ರೀಡಿಂಗ್, ಭಾನುವಾರದ ಬ್ಯಾಚ್: ನಾಟ್ ಗಿವನ್ ಅಂದ್ರೆ ಏನು ಅಂತ ಕೊನೆಗೂ ತಿಳೀತು

ಎಂಟು ಭಾನುವಾರದ ಬ್ಯಾಚ್ ಮುಗಿಸಿ, ಪರೀಕ್ಷೆನೂ ಬರೆದು, ರಿಸಲ್ಟ್ ಕೈಗೆ ಬಂದಮೇಲೆ ಬರೀತಿದೀನಿ, ಅದಕ್ಕೇ ಇಷ್ಟು ಲೇಟು. ನಾನು ಒಂಬತ್ತು ವರ್ಷದಿಂದ ಸ್ಟಾಫ್ ನರ್ಸ್. ಯುಕೇಲಿ ನರ್ಸ್ ಆಗೋಕೆ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ಗೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೇಲಿ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ 7 ಸ್ಕೋರ್ ಬೇಕು, ರೈಟಿಂಗ್ ಮಾತ್ರ 6.5 ಸಾಕು. ನಂದು ಮೊದಲ ಸಲ ರೀಡಿಂಗಲ್ಲೇ 6.5ಕ್ಕೆ ನಿಂತೋಯ್ತು, ಉಳಿದಿದ್ದೆಲ್ಲ ಪಾಸು.

60 ನಿಮಿಷ, 40 ಪ್ರಶ್ನೆ, ಟೈಮ್ ಸಾಲಲಿಲ್ಲ ಅಂತ ನಾನು ಅಂದ್ಕೊಂಡಿದ್ದೆ. ಆದ್ರೆ ಮನೇಲಿ ಪ್ರಾಕ್ಟೀಸ್ ಟೆಸ್ಟ್ ಮಾಡಿ ತಪ್ಪಾಗಿದ್ದನ್ನ ಎಣಿಸಿ ನೋಡಿದ್ರೆ ಮುಕ್ಕಾಲು ಪಾಲು ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೆಗಳದ್ದೇ. ಅಂದ್ರೆ ಒಂದು ಹೇಳಿಕೆ ಕೊಟ್ಟು, ಪ್ಯಾಸೇಜ್ ಪ್ರಕಾರ ಅದು ಸರಿನಾ, ತಪ್ಪಾ, ಇಲ್ಲಾ ಅದರ ಬಗ್ಗೆ ಅಲ್ಲಿ ಏನೂ ಹೇಳೇ ಇಲ್ವಾ ಅಂತ ಕೇಳೋ ಪ್ರಶ್ನೆಗಳು. ಇದಕ್ಕೆ ಮುಂಚೆ ಹೋಗ್ತಿದ್ದ ದೊಡ್ಡ ಕೋಚಿಂಗ್ ಸೆಂಟರಲ್ಲಿ ಕೇಳಿದ್ರೆ "ಡೌಟ್ ಬಂದ್ರೆ ನಾಟ್ ಗಿವನ್ ಹಾಕಿ" ಅಂದ್ರು, ಅಷ್ಟೇ ಪಾಠ! ಡೌಟ್ ಬರೋದು ನನ್ನ ತಲೇಲಿ, ಉತ್ತರ ಇರೋದು ಪ್ಯಾಸೇಜಲ್ಲಿ, ಎರಡಕ್ಕೂ ಏನು ಸಂಬಂಧ ಹೇಳಿ.

ಈ ಕ್ಲಾಸಲ್ಲಿ ಮೊದಲ ದಿನಾನೇ ಮೇಡಂ ಬೋರ್ಡ್ ಮೇಲೆ ಒಂದೇ ಒಂದು ಸಾಲು ಬರೆದ್ರು. ಹಳೇ ಆಸ್ಪತ್ರೆಗಳಲ್ಲಿ ಗಾಳಿ ಚೆನ್ನಾಗಿ ಆಡ್ಲಿ ಅಂತ ವಾರ್ಡುಗಳಿಗೆ ದೊಡ್ಡ ಕಿಟಕಿ ಇಡ್ತಿದ್ರು ಅಂತ. ಅದರ ಕೆಳಗೆ ಮೂರು ಹೇಳಿಕೆ. ವಾರ್ಡು ಕಟ್ಟೋವಾಗ ಗಾಳಿ ಬಗ್ಗೆ ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ ಅನ್ನೋದು ಫಾಲ್ಸ್, ಅದು ಎಲ್ರಿಗೂ ಗೊತ್ತಾಯ್ತು. ಕಿಟಕಿ ಅಷ್ಟು ದೊಡ್ಡದಾಗಿರೋಕೆ ಗಾಳಿನೇ ಕಾರಣ ಅನ್ನೋದು ಟ್ರೂ, ಅದೇ ಪದಗಳಲ್ಲಿ ಹೇಳಿಲ್ಲ ಆದ್ರೆ ಆ ಸಾಲು ನಿಜ ಆದ್ರೆ ಇದೂ ನಿಜ ಆಗ್ಲೇಬೇಕು. ಮೂರನೇದು, ದೊಡ್ಡ ಕಿಟಕಿಯಿಂದ ಸೋಂಕು ಕಮ್ಮಿ ಆಗ್ತಿತ್ತು ಅಂತ. ನಾನು ಟ್ರೂ ಅಂತ ಜೋರಾಗೇ ಹೇಳ್ದೆ, ಗಾಳಿ ಬೆಳಕು ಇದ್ರೆ ಸೋಂಕು ಕಮ್ಮಿ ಅಂತ ಟ್ರೈನಿಂಗಲ್ಲೇ ಓದಿದೀನಲ್ಲ. ಮೇಡಂ "ಬೋರ್ಡ್ ಹತ್ರ ಬಂದು ಸೋಂಕು ಅನ್ನೋ ಮಾತು ಎಲ್ಲಿದೆ ಬೆರಳಿಟ್ಟು ತೋರ್ಸಿ" ಅಂದ್ರು. ಇರ್ಲಿಲ್ಲ, ಅಂದ್ರೆ ಅದು ನಾಟ್ ಗಿವನ್. ನನಗೆ ಗೊತ್ತಿರೋದನ್ನ ನಾನೇ ಪ್ಯಾಸೇಜಿಗೆ ಸೇರಿಸ್ತಿದ್ದೆ, ಆರೋಗ್ಯದ ಪ್ಯಾಸೇಜ್ ಬಂದಾಗ್ಲೇ ನಂಗೆ ಜಾಸ್ತಿ ತಪ್ಪಾಗ್ತಿತ್ತು ಯಾಕೆ ಅಂತ ಅವತ್ತು ಹೊಳೀತು.

ಆಮೇಲೆ ಅವರು ನನ್ನ ಕೆಲ್ಸದ ಮೇಲೇ ಒಂದು ಪ್ರಶ್ನೆ ಕೇಳಿದ್ರು. ರಾತ್ರಿ ಪಾಳಿಲಿ ಪೇಷಂಟ್ ಮಂಚದ ಪಕ್ಕ ನೆಲದ ಮೇಲೆ ಕೂತಿರೋದು ನೋಡಿದ್ರೆ ಚಾರ್ಟಲ್ಲಿ ಏನ್ ಬರೀತೀರಾ? ನಾವು "ಮಂಚದಿಂದ ಬಿದ್ರು" ಅಂತ ಬರೆಯೋ ಹಾಗಿಲ್ಲ, ಬೀಳೋದನ್ನ ಕಣ್ಣಾರೆ ನೋಡಿಲ್ದೇ ಇದ್ರೆ "ನೆಲದ ಮೇಲೆ ಕೂತಿದ್ದು ಕಂಡುಬಂತು" ಅಂತಾನೇ ಬರೀಬೇಕು. ಪೇಷಂಟೇ ಬಿದ್ದೆ ಅಂದ್ರೆ ಅದು ಅವರು ಹೇಳಿದ್ದು ಅಂತ ಬರೀತೀವಿ. ಒಂಬತ್ತು ವರ್ಷದಿಂದ ಕೈಯಲ್ಲಿ ಮಾಡ್ತಿರೋ ಕೆಲ್ಸಾನೇ ಇದು, ಪರೀಕ್ಷೇಲಿ ಮಾತ್ರ ಮರೆತುಬಿಡ್ತಿದ್ದೆ. ಯಸ್, ನೋ, ನಾಟ್ ಗಿವನ್ ಕೂಡ ಇದರಿಂದಾನೇ ಸರಿಹೋಯ್ತು, ಅಲ್ಲಿ ಕೇಳೋದು ಬರೆದವರ ಅಭಿಪ್ರಾಯ ಏನು ಅಂತ, ಪ್ಯಾಸೇಜಲ್ಲಿ ಯಾರೋ ವಿಜ್ಞಾನಿ ಹೇಳಿದ್ದನ್ನ ತಂದು ಬರೆದವರ ಬಾಯಿಗೆ ಹಾಕ್ಬಾರ್ದು.

ಇನ್ನೊಂದು ತುಂಬಾ ಇಷ್ಟ ಆಗಿದ್ದು, ಚಿಕ್ಕ ಚಿಕ್ಕ ಪದಗಳನ್ನ ಕನ್ನಡದಲ್ಲೇ ಬಿಡಿಸಿ ಹೇಳ್ಕೊಟ್ಟಿದ್ದು. "ಡಾಕ್ಟ್ರೂ ಬಂದಿದ್ರು" ಅಂದ್ರೆ ಬೇರೆಯವರು ಯಾರೋ ಬಂದಿದ್ರು ಅಂತ ಹೇಳ್ದೇನೇ ಗೊತ್ತಾಗುತ್ತೆ, "ಡಾಕ್ಟ್ರು ಬಂದಿದ್ರು" ಅಂದ್ರೆ ಗೊತ್ತಾಗಲ್ಲ, ಒಂದು ದೀರ್ಘದಲ್ಲಿ ಅಷ್ಟು ಅರ್ಥ. ಹಂಗೇ ಇಂಗ್ಲಿಷಲ್ಲಿ ನೋ ಲಾಂಗರ್ ಅಂತಿದ್ರೆ ಮುಂಚೆ ಇತ್ತು ಅಂತಾನೇ ಅರ್ಥ, ಈವನ್, ಸ್ಟಿಲ್, ಓನ್ಲಿ ಎಲ್ಲಾ ಇದೇ ಜಾತಿ. ಊಹೆಗೂ ಸೂಚನೆಗೂ ಇರೋ ವ್ಯತ್ಯಾಸ ನಂಗೆ ಇಲ್ಲಿ ಸಿಕ್ತು. ಸೂಚನೆ ಅಂದ್ರೆ ಅದಕ್ಕೊಂದು ಪದ ಸಾಕ್ಷಿ ಇರುತ್ತೆ.

ಹುಡುಕೋಕೂ ಒಂದು ದಾರಿ ಹೇಳಿದ್ರು, ಈ ಪ್ರಶ್ನೆಗಳ ಉತ್ತರ ಪ್ಯಾಸೇಜಲ್ಲಿ ಅದೇ ಕ್ರಮದಲ್ಲಿ ಬರುತ್ತೆ, 3ನೇದು ಎರಡನೇ ಪ್ಯಾರಾದಲ್ಲಿ, 5ನೇದು ನಾಲ್ಕನೇ ಪ್ಯಾರಾದಲ್ಲಿ ಸಿಕ್ರೆ 4ನೇದನ್ನ ಅದರ ಮಧ್ಯೆ ಮಾತ್ರ ನೋಡಿ, ಇಲ್ಲ ಅಂದ್ರೆ ಇಲ್ಲ, ಮುಂದೆ ಹೋಗಿ. ತಪ್ಪಿಗೆ ಮಾರ್ಕ್ಸ್ ಕಟ್ ಆಗಲ್ಲ, ಹಾಗಾಗಿ ಖಾಲಿ ಮಾತ್ರ ಬಿಡ್ಬೇಡಿ.

ಕೊರತೆನೂ ಹೇಳ್ತೀನಿ. ಝೆರಾಕ್ಸ್ ಶೀಟುಗಳು ಮಸುಕು, ಅಂಚಿನ ಸಾಲು ಕಟ್ ಆಗಿರುತ್ತೆ, ಒಂದು ಪದದ ಮೇಲೆ ಉತ್ತರ ನಿಂತಿರೋ ಕಡೆ ಇದು ಸಣ್ಣ ವಿಷಯ ಅಲ್ಲ. ರೆಕಾರ್ಡಿಂಗ್ ಕೊಡಲ್ಲ, ನೈಟ್ ಡ್ಯೂಟಿಯಿಂದ ನಾನು ಎರಡು ಕ್ಲಾಸ್ ಮಿಸ್ ಮಾಡ್ಕೊಂಡೆ, ಅದು ಹೋಯ್ತು ಅಂತಾನೇ ಲೆಕ್ಕ. ಕಂಪ್ಯೂಟರಲ್ಲಿ ಪರೀಕ್ಷೆ ಬರೆಯೋರಿಗೆ ಸ್ಕ್ರೀನ್ ಮೇಲೆ ಓದೋ ಪ್ರಾಕ್ಟೀಸ್ ಇಲ್ಲಿ ಇಲ್ಲ, ನೀವೇ ಮನೇಲಿ ಮಾಡ್ಕೋಬೇಕು. ಇಂಗ್ಲಿಷ್ ಓದೋದೇ ಕಷ್ಟ ಅನ್ನೋರು ಮೊದಲು ಆರು ತಿಂಗಳು ಪೇಪರ್ ಓದಿ ಬನ್ನಿ, ಇಲ್ಲಿ ಗ್ರಾಮರ್ ಹೇಳ್ಕೊಡಲ್ಲ.

ನನ್ನ ಎರಡನೇ ಸಲದ ರೀಡಿಂಗ್ 7.5. ಪರೀಕ್ಷೇಲಿ ಒಂದು ಪ್ರಶ್ನೆಗೆ ಟ್ರೂ ಅಂತ ಕೈ ಹೋಗಿತ್ತು, ಯಾವ ಸಾಲು ಅಂತ ಹುಡುಕಿದೆ, ಸಿಗಲಿಲ್ಲ, ಬದಲಾಯಿಸಿದೆ. ಐದಕ್ಕೆ ನಾಲ್ಕೂವರೆ ಸ್ಟಾರ್, ಅರ್ಧ ಆ ಝೆರಾಕ್ಸಿಗೆ ಕಟ್.