ಪುಂಡಿ ಪಲ್ಯದ ನಾರು, ಶುಗರ್ ಮತ್ತು ಒಂದು ಪುಟ್ಟ ಬ್ರಷ್

ಮೂರು ತಿಂಗಳಿಂದ ಇಂಟರ್‌ಡೆಂಟಲ್ ಬ್ರಷ್ ಬಳಸುತ್ತಿದ್ದೇನೆ. ಬಾಟಲಿ ತೊಳೆಯುವ ಬ್ರಷ್ ಇರುತ್ತದಲ್ಲ, ಅದನ್ನೇ ಬೆಂಕಿಕಡ್ಡಿಗಿಂತ ತೆಳ್ಳಗೆ ಮಾಡಿದ ಹಾಗೆ. ಹಲ್ಲಿನ ಸಂದಿಯಲ್ಲಿ ತೂರಿಸಿ ಎರಡು ಮೂರು ಸಲ ಹಿಂದೆ ಮುಂದೆ ಆಡಿಸಿದರೆ ಆಯಿತು.

ನನಗೆ ಶುಗರ್ ಬಂದು 11 ವರ್ಷ. ಕಲಬುರಗಿಯವನು, ರೊಟ್ಟಿ ಜೊತೆ ಪುಂಡಿ ಪಲ್ಯ, ಶೇಂಗಾ ಹಿಂಡಿ ಇಲ್ಲದಿದ್ದರೆ ಊಟ ಆದಂಗೆ ಅನಿಸಲ್ಲ. ಆ ನಾರು, ಆ ಪುಡಿ ಎಲ್ಲಾ ದವಡೆ ಹಲ್ಲಿನ ಸಂದಿಯಲ್ಲೇ ಬೀಡು ಬಿಡುತ್ತಿದ್ದವು. ಕೈ ತೊಳೆದ ಕೂಡಲೇ ಬೆಂಕಿಕಡ್ಡಿ, ಅದು ಸಿಗದಿದ್ದರೆ ಪಿನ್ನು. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇರುತ್ತಾರೆ. ಬರಬರುತ್ತಾ ವಸಡು ಊದಿತು, ಬೆಳಿಗ್ಗೆ ಉಗುಳಿದರೆ ರಕ್ತ. ನೋವಿಲ್ಲವಲ್ಲ ಅಂತ ಸುಮ್ನಿದ್ದೆ.

ಕೊನೆಗೆ ಹಲ್ಲಿನ ಡಾಕ್ಟರ್ ಹತ್ತಿರ ಹೋದೆ. ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಸಣ್ಣ ಕಡ್ಡಿ ಇಳಿಸಿ ಆಳ ಅಳೆದು ಒಂದು ಕಡೆ 6 ಮಿಲಿಮೀಟರ್ ಅಂದರು, 3ರವರೆಗೆ ಪರವಾಗಿಲ್ಲವಂತೆ. ಶುಗರ್ ಏರಿದ್ದರೆ ವಸಡಿನ ಸೋಂಕು ಬೇಗ ಬಲಿಯುತ್ತದೆ, ಸೋಂಕು ಇದ್ದರೆ ಶುಗರ್ ಇಳಿಯುವುದು ಕಷ್ಟ. ಒಳಗಿನ ಗಟ್ಟಿ ಪಾಚಿ ಕೆರೆದು ತೆಗೆದರು. ಅದಕ್ಕೆ ಬರುವಾಗ ಖಾಲಿ ಹೊಟ್ಟೆಯಲ್ಲಿ ಬರಬೇಡಿ, ತಿಂಡಿ ತಿಂದು ಮಾತ್ರೆ ನುಂಗಿಯೇ ಬನ್ನಿ ಅಂತ ಮೊದಲೇ ಹೇಳಿದ್ದರು. ಆಮೇಲೆ ಈ ಬ್ರಷ್ ಬರೆದುಕೊಟ್ಟರು.

ನಾನು ಚೀಟಿ ಮನೆಯಲ್ಲೇ ಮರೆತು ಹೋದೆ. ಮೆಡಿಕಲ್‌ನವನು "ಎಲ್ಲಾ ಒಂದೇ ಸರ್" ಅಂತ ದಪ್ಪನೆಯದನ್ನು ಕೊಟ್ಟುಬಿಟ್ಟ. ಒತ್ತಿ ತೂರಿಸಿದೆ, ತಂತಿ ಬಾಗಿ ವಸಡಿಗೇ ಚುಚ್ಚಿತು. 180 ರೂಪಾಯಿ ನೀರಲ್ಲಿ ಹೋಯಿತು. ಎಲ್ಲಾ ಒಂದೇ ಅಲ್ಲ. ನನಗೆ ಮುಂದಿನ ಹಲ್ಲಿಗೆ ಸಣ್ಣದು, ದವಡೆಗೆ ಸ್ವಲ್ಪ ದಪ್ಪದ್ದು ಬೇಕು. ಬಣ್ಣ ನೆನಪಿಟ್ಟುಕೊಂಡು ಹೋಗಬೇಡಿ, ಕಂಪನಿ ಬದಲಾದರೆ ಅದೂ ಬದಲಾಗಬಹುದು. ಪ್ಯಾಕೆಟ್ ಮೇಲಿನ ಅಳತೆ ನೋಡಿ. ಸಂದಿಯಲ್ಲಿ ಸ್ವಲ್ಪ ಬಿಗಿಯಾಗಿ ಹೋಗಬೇಕು, ಒತ್ತಬೇಕಾಗಿ ಬಂದರೆ ಅದು ನಿಮ್ಮ ಸೈಜ್ ಅಲ್ಲ.

ಮೊದಲ ವಾರ ರಕ್ತ ಬಂತು, ಹೆದರಿ ಬಿಡಬೇಕು ಅನ್ನಿಸಿತ್ತು. ಬಿಡಲಿಲ್ಲ, ಎರಡನೇ ವಾರಕ್ಕೆ ಕಮ್ಮಿಯಾಯಿತು. ಬಾಯಿ ವಾಸನೆ ಹೋಗಿದೆ ಅಂತ ಮನೆಯವಳೇ ಹೇಳಿದಳು, ಅವಳು ಸುಮ್ಸುಮ್ನೆ ಹೊಗಳುವವಳಲ್ಲ. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ, 8.4 ಇದ್ದದ್ದು 7.9ಕ್ಕೆ ಬಂದಿದೆ. ಅದು ಬ್ರಷ್ ಒಂದರಿಂದಲೇ ಅಂತ ನಾನು ಹೇಳಲ್ಲ, ವಸಡಿನ ಚಿಕಿತ್ಸೆ ಆಗಿದೆ, ಸಂಜೆ ವಾಕಿಂಗೂ ಶುರು ಮಾಡಿದ್ದೇನೆ.

ಬೈಯುವುದಾದರೆ ಖರ್ಚಿಗೆ ಬೈಯಬೇಕು. ಒಂದು ಬ್ರಷ್ ನನಗೆ ಹತ್ತು ದಿನ ಬಂದರೆ ಹೆಚ್ಚು, ಎಳೆ ಉದುರಿದ ಮೇಲೆ ಬಳಸುವಂತಿಲ್ಲ. ಇನ್ನು ನಮ್ಮ ಮೇ ತಿಂಗಳ ಬಿಸಿಲಲ್ಲಿ ಬಾಯಿ ಒಣಗುವುದಕ್ಕೆ ಇದರಿಂದ ಏನೂ ಉಪಯೋಗವಿಲ್ಲ, ನೀರೇ ಕುಡಿಯಬೇಕು. ದಿನಕ್ಕೆರಡು ಸಲ ಮಾಮೂಲಿ ಬ್ರಷ್ಷೂ ತಪ್ಪಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಹಳೆಯವನ್ನು ಮನೆಯವಳು ಎಸೆಯಲು ಬಿಡಲ್ಲ, ಬಿಸಿನೀರಲ್ಲಿ ತೊಳೆದಿಟ್ಟುಕೊಂಡು ಹೊಲಿಗೆ ಮಷೀನಿನ ಹಲ್ಲಿನ ಧೂಳು ತೆಗೆಯುತ್ತಾಳೆ.