ಜಿಪ್ಸಿಗೆ ಹಾಕಿಸಿದ ಶಿಫ್ಟ್ ಲೈಟ್: ಚಿಕ್ಕಮಗಳೂರಿನ ಎಸ್ಟೇಟ್ ರಸ್ತೆಗಳಲ್ಲಿ ಬಳಸಿ ನೋಡಿ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ. ಗೇರ್ ಏರಿಸುವ ಹೊತ್ತಾಯಿತು ಅಂತ ದೀಪ ಹೊತ್ತಿಸಿ ಹೇಳುವ ಈ ಶಿಫ್ಟ್ ಲೈಟ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಎಷ್ಟು ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನೋ ಲೆಕ್ಕ) ಹೊತ್ತಿಕೊಳ್ಳಬೇಕು ಅನ್ನೋ ಲೆಕ್ಕ ನಿಮ್ಮ ಹತ್ತಿರ ಇಲ್ಲದಿದ್ದರೆ ಇದು ಡ್ಯಾಶ್‌ಬೋರ್ಡ್ ಮೇಲಿನ ಬಣ್ಣದ ದೀಪ ಅಷ್ಟೇ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಒಂದು ಯಾಕೆ ಕಳೆದೆ ಅಂತ ಮುಂದೆ ಬರುತ್ತದೆ.

ಗಾಡಿ ಮಾರುತಿ ಜಿಪ್ಸಿ ಕಿಂಗ್, 1298 ಸಿಸಿ ಎಂಪಿಎಫ್‌ಐ, ಅಂದರೆ ಫ್ಯೂಯಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಇಂಜಿನ್. ಇಂಜಿನ್ ಒಳಗೆ ಏನೂ ಕೈ ಹಾಕಿಲ್ಲ. ಓಡಿಸೋದು ಆಟೋಕ್ರಾಸ್ (ಬಯಲಲ್ಲಿ ಗುರುತು ಹಾಕಿದ ಸಣ್ಣ ಟ್ರ್ಯಾಕ್‌ನಲ್ಲಿ ಸಮಯದ ಸ್ಪರ್ಧೆ) ಮತ್ತು ಲೋಕಲ್ ರ್‍ಯಾಲಿಗಳಲ್ಲಿ. ಪ್ರಾಕ್ಟೀಸ್ ಆಲ್ದೂರು ಕಡೆ ಪರಿಚಯದವರ ಎಸ್ಟೇಟಿನ ಒಳರಸ್ತೆಯಲ್ಲಿ, ಅದೂ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ. ನಮ್ಮೂರಿಗೆ ರ್‍ಯಾಲಿ ಹುಚ್ಚು ಹೊಸದಲ್ಲ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್‌ನ ಇಂಡಿಯಾ ಸುತ್ತು ಇಲ್ಲಿನ ಕಾಫಿ ತೋಟಗಳ ಮಣ್ಣಲ್ಲೇ ನಡೆದಿದೆ. ಗೌರವ್ ಗಿಲ್ ಸ್ಕೋಡಾ ಫ್ಯಾಬಿಯಾ ಓಡಿಸಿದ್ದನ್ನು ಬೇಲಿ ಪಕ್ಕ ನಿಂತು ನೋಡಿದವರು ಊರಲ್ಲಿ ಬೇಕಾದಷ್ಟು ಜನ. ಆ ಕಾರುಗಳ ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್‌ನಲ್ಲಿ ಲಿವರ್ ಎಳೆದರೆ ಗೇರ್ ಬಿತ್ತು. ಜಿಪ್ಸಿಯಲ್ಲಿ ಸೆಕೆಂಡ್‌ನಿಂದ ಥರ್ಡ್‌ಗೆ ಹೋಗಬೇಕೆಂದರೆ ಕ್ಲಚ್ ತುಳಿದು, ಲಿವರ್ ಮೇಲೆತ್ತಿ, ಪಕ್ಕಕ್ಕೆ ಸರಿಸಿ, ಮತ್ತೆ ಮೇಲಕ್ಕೆ ತಳ್ಳಬೇಕು. ಅಷ್ಟು ಹೊತ್ತು ಚಕ್ರಕ್ಕೆ ಎಳೆತವೇ ಇರುವುದಿಲ್ಲ. ಹಾಗಾಗಿ ಗೇರ್ ಯಾವಾಗ ಹಾಕಬೇಕು ಅನ್ನೋ ಪ್ರಶ್ನೆ ದೊಡ್ಡ ಕಾರುಗಳಿಗಿಂತ ನಮ್ಮಂಥ ಸಣ್ಣ ಇಂಜಿನ್ ಗಾಡಿಗಳಿಗೇ ಹೆಚ್ಚು ಮುಖ್ಯ ಅನ್ನುವುದು ನನ್ನ ನಂಬಿಕೆ.

ವಸ್ತುವಿನ ವಿಷಯಕ್ಕೆ ಬರೋಣ. ಅಂಗೈ ಅಗಲದ ಅಲ್ಯೂಮಿನಿಯಂ ಡಬ್ಬಿ. ಎರಡು ಹಸಿರು, ಎರಡು ಹಳದಿ, ಕೊನೆಗೆ ಒಂದು ದಪ್ಪ ಕೆಂಪು ದೀಪ. ಹೊರದೇಶದ ಮಾಲು, ಮೈಮೇಲೆ ಯಾವ ಬ್ರ್ಯಾಂಡ್ ಹೆಸರೂ ಇಲ್ಲ, ಬೆಲೆ ಐದು ಸಾವಿರದೊಳಗೆ. 2022ರ ಮಳೆಗಾಲಕ್ಕೆ ಮುಂಚೆ ಹಾಕಿಸಿದ್ದು. ಟ್ಯಾಕೋ (ಆರ್‌ಪಿಎಂ ಮೀಟರ್) ಸಿಗ್ನಲ್ ವೈರ್, ಹನ್ನೆರಡು ವೋಲ್ಟ್, ಅರ್ಥ್, ಇಷ್ಟೇ ಕನೆಕ್ಷನ್. ಇಂಜಿನ್ ಒಮ್ಮೆ ಸುತ್ತಿದರೆ ಎಷ್ಟು ಪಲ್ಸ್ (ಸಿಗ್ನಲ್ ಮಿಡಿತ) ಬರುತ್ತದೆ ಅಂತ ಮೊದಲು ಹೇಳಿಕೊಡಬೇಕು. ನಾಲ್ಕು ಸಿಲಿಂಡರ್ ಫೋರ್ ಸ್ಟ್ರೋಕ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತದೆ. ಆದರೆ ನೀವು ಸಿಗ್ನಲ್ ಎಲ್ಲಿಂದ ತೆಗೆದಿದ್ದೀರಿ ಅನ್ನೋದರ ಮೇಲೆ ಪಲ್ಸ್ ಒಂದೋ ಎರಡೋ ಆಗಬಹುದು. ತಪ್ಪಿದರೆ ಆರ್‌ಪಿಎಂ ಅರ್ಧವೋ ದುಪ್ಪಟ್ಟೋ ತೋರಿಸುತ್ತದೆ, ಐಡ್ಲಿಂಗ್‌ನಲ್ಲೇ ಗೊತ್ತಾಗಿಬಿಡುತ್ತದೆ. ಅಲ್ಲಿಂದ ಮುಂದಿನದೇ ನಿಜವಾದ ಕೆಲಸ.

ಸರ್ವಿಸ್ ಪಾಯಿಂಟಲ್ಲಿ ಯಾರನ್ನು ಕೇಳಿದರೂ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. ‘ಟಾರ್ಕ್ ಪೀಕ್ ಬಂದಾಗ ಗೇರ್ ಎತ್ತಿಬಿಡು, ಮೇಲೆ ಬರೀ ಸೌಂಡು’ ಅನ್ನೋರು ಒಂದು ಕಡೆ (ಇಂಜಿನ್ನಿನ ತಿರುಗಿಸುವ ಬಲ ಅತಿ ಹೆಚ್ಚಿರುವ ಆರ್‌ಪಿಎಂಗೆ ಟಾರ್ಕ್ ಪೀಕ್ ಅಂತಾರೆ). ‘ಪವರ್ ಪೀಕ್ ಮುಟ್ಟಿದ ತಕ್ಷಣ ಹಾಕು’ ಅನ್ನೋರು ಇನ್ನೊಂದು ಕಡೆ (ಪವರ್ ಅತಿ ಹೆಚ್ಚಿರುವ ಆರ್‌ಪಿಎಂ ಅದು). ನನಗೆ ಎರಡೂ ಒಪ್ಪಿಗೆಯಿಲ್ಲ, ಯಾಕಂತ ಕಂಪನಿ ಕೊಟ್ಟ ಅಂಕಿಯಲ್ಲೇ ತೋರಿಸುತ್ತೇನೆ.

ಜಿಪ್ಸಿ ಕಿಂಗ್‌ನ ಟಾರ್ಕ್ 4500 ಆರ್‌ಪಿಎಂನಲ್ಲಿ 103 ನ್ಯೂಟನ್ ಮೀಟರ್, ಪವರ್ 6000ದಲ್ಲಿ 80 ಬಿಎಚ್‌ಪಿ. ಗೇರ್ ಅನುಪಾತ, ಅಂದರೆ ಆ ಗೇರ್ ಇಂಜಿನ್ ಟಾರ್ಕನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನೋದು, ಒಂದರಿಂದ ಐದರವರೆಗೆ 3.652, 1.947, 1.423, 1.000, 0.795. ಪವರ್ ಅಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿದ್ದು ತಾನೇ, ಅದನ್ನು ತಿರುವಿ ಲೆಕ್ಕ ಹಾಕಿದರೆ 6000ದಲ್ಲೂ ಇಂಜಿನ್ ಸುಮಾರು 95 ನ್ಯೂಟನ್ ಮೀಟರ್ ಕೊಡುತ್ತಿದೆ. ಈಗ ಸೆಕೆಂಡ್ ಗೇರ್‌ನಲ್ಲಿ 6000ಕ್ಕೆ ಬಂದಿದ್ದೀರಿ ಅಂದುಕೊಳ್ಳಿ. ಗೇರ್‌ಬಾಕ್ಸ್ ದಾಟಿ ಹೊರಬರುವ ಟಾರ್ಕ್ 95 ಗುಣಿಸು 1.947, ಅಂದರೆ ಸುಮಾರು 185. ಅಲ್ಲೇ ಥರ್ಡ್‌ಗೆ ಹಾಕಿದರೆ ಆರ್‌ಪಿಎಂ 4385ರ ಆಸುಪಾಸಿಗೆ ಇಳಿಯುತ್ತದೆ, ಹೆಚ್ಚುಕಮ್ಮಿ ಟಾರ್ಕ್ ಪೀಕ್ ಮೇಲೆಯೇ ಕೂರುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಆ ಪೂರ್ತಿ 103ನ್ನು 1.423ರಿಂದ ಗುಣಿಸಿದರೂ ಸಿಗೋದು 147 ಮಾತ್ರ. 185 ಬಿಟ್ಟು 147ಕ್ಕೆ ಯಾಕೆ ಹೋಗಬೇಕು?

ಹಾಗಾದರೆ ಎಲ್ಲಿವರೆಗೆ ತಡೆಯಬೇಕು? ಈಗಿನ ಗೇರ್ ಕೊಡುವ ಎಳೆತ ಮುಂದಿನ ಗೇರ್ ಕೊಡುವ ಎಳೆತಕ್ಕೆ ಸಮ ಆಗುವ ತನಕ. ಸೆಕೆಂಡ್‌ನಲ್ಲಿ ಅದು ಆಗಬೇಕಾದರೆ ಇಂಜಿನ್ ಟಾರ್ಕ್ 95ರಿಂದ 75ರ ಹತ್ತಿರಕ್ಕೆ ಬೀಳಬೇಕು. ಅಷ್ಟು ಬೀಳೋದು ಪವರ್ ಪೀಕ್ ದಾಟಿ ಇನ್ನೂ ಮೇಲೆ ಹೋದ ನಂತರ. ಫಸ್ಟ್‌ನ ಕಥೆ ಇನ್ನೂ ಸುಲಭ. ಅಲ್ಲಿ 6000ಕ್ಕೆ 347 ಇದೆ, ಸೆಕೆಂಡ್‌ಗೆ ಹಾಕಿದರೆ ಅತಿ ಹೆಚ್ಚೆಂದರೂ 200. ಅಂದರೆ ಫಸ್ಟನ್ನು ಇಂಜಿನ್ ತಡೆಯುವಷ್ಟು ಎಳೆಯಲೇಬೇಕು, ಬೇರೆ ಯೋಚನೆಯೇ ಬೇಡ. ನಾಲ್ಕರಿಂದ ಐದಕ್ಕೆ ಅಂತರ ಕಡಿಮೆ, ಟಾರ್ಕ್ 82ಕ್ಕೆ ಇಳಿದರೆ ಸಾಕು, ಆದ್ದರಿಂದ ಅಲ್ಲಿ ಸ್ವಲ್ಪ ಬೇಗ ಹಾಕಬಹುದು. ಅನುಪಾತಗಳ ನಡುವಿನ ಅಂತರ ದೊಡ್ಡದಿದ್ದಷ್ಟೂ ಹೆಚ್ಚು ಎಳೆಯಬೇಕು, ಅಂತರ ಚಿಕ್ಕದಾದಷ್ಟೂ ಪವರ್ ಪೀಕ್‌ಗೆ ಹತ್ತಿರ. ಎಲ್ಲ ಗೇರ್‌ಗೂ ಒಂದೇ ನಂಬರ್ ಅನ್ನೋದು ಈ ಗೇರ್‌ಬಾಕ್ಸ್‌ಗೆ ಹೊಂದುವುದೇ ಇಲ್ಲ.

ಪವರ್ ಪೀಕ್ ದಾಟಿದ ಮೇಲೆ ಟಾರ್ಕ್ ಎಷ್ಟು ಬೇಗ ಬೀಳುತ್ತದೆ ಅನ್ನೋದನ್ನು ಕಂಪನಿ ಬ್ರೋಷರ್ ಹೇಳುವುದಿಲ್ಲ. ಅದಕ್ಕೆ ಡೈನೋ ಶೀಟ್ ಬೇಕು, ಅಂದರೆ ಗಾಡಿಯನ್ನು ಅಳತೆಯ ಯಂತ್ರದ ಮೇಲೆ ಓಡಿಸಿ ಯಾವ ಆರ್‌ಪಿಎಂಗೆ ಎಷ್ಟು ಟಾರ್ಕ್, ಎಷ್ಟು ಪವರ್ ಅಂತ ತೆಗೆದ ಗ್ರಾಫ್. ನಾನು ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬಂದೆ. ಶಿಫ್ಟ್ ಲೈಟ್ ತಗೊಳ್ಳೋ ಯೋಚನೆ ಇರುವವರಿಗೆ ನನ್ನ ಮೊದಲ ಸಲಹೆ, ಡೈನೋ ಖರ್ಚನ್ನೂ ಇದರ ಬೆಲೆಯೊಳಗೇ ಸೇರಿಸಿಕೊಳ್ಳಿ. ಪೀಕ್ ನಂಬರ್ ಎಷ್ಟು ಬಂತು ಅಂತ ಗೆಳೆಯರ ಹತ್ತಿರ ಹೇಳಿಕೊಳ್ಳೋದಕ್ಕೆ ಅಲ್ಲ, 6000ದ ಆಚೆ ಗೆರೆ ಹೇಗೆ ಬಾಗುತ್ತದೆ ಅಂತ ನೋಡೋದಕ್ಕೆ. ರನ್ ಮಾಡಿಸುವಾಗ ಪವರ್ ಬಿದ್ದ ತಕ್ಷಣ ಆಪರೇಟರ್ ಕಾಲು ತೆಗೆಯದಂತೆ ಮೊದಲೇ ಹೇಳಿಡಿ, ನಮಗೆ ಬೇಕಿರೋದೇ ಆ ಬಲಗಡೆಯ ತುದಿ.

ಮೇಲೆ ಎಳೆದಷ್ಟೂ ಇಂಜಿನ್‌ಗೆ ಪೆಟ್ಟು ಅನ್ನೋದೂ ಸುಳ್ಳಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್ ಮೇಲಿನ ಜಡತ್ವದ ಹೊರೆ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 6000ದಿಂದ 6600ಕ್ಕೆ ಹೋದರೆ ವೇಗ ಹೆಚ್ಚಿದ್ದು ನೂರಕ್ಕೆ ಹತ್ತು, ಹೊರೆ ಹೆಚ್ಚಿದ್ದು ನೂರಕ್ಕೆ ಇಪ್ಪತ್ತೊಂದು. ಲೆಕ್ಕ ಇನ್ನೂ ಮೇಲೆ ಎಳಿ ಅಂದರೂ ನಾನು 6600 ದಾಟಿಸುವುದಿಲ್ಲ. ಹೊಸ ಜಿಪ್ಸಿ ಶೋರೂಮಿನಲ್ಲಿ ಸಿಗೋ ಕಾಲ ಮುಗಿದಿದೆ, ಇರುವ ಇಂಜಿನ್ ಉಳಿಸಿಕೊಳ್ಳಬೇಕು.

ಈಗ ಕಳೆದ ಸ್ಟಾರ್ ವಿಷಯ. ಈ ಡಬ್ಬಿಯಲ್ಲಿ ಕೆಂಪು ದೀಪಕ್ಕೆ ಒಂದೇ ನಂಬರ್ ಸೆಟ್ ಮಾಡಲು ಬರುತ್ತದೆ, ಗೇರ್‌ಗೊಂದು ಬೇರೆ ಬೇರೆ ಇಡಲು ಬರುವುದಿಲ್ಲ. ದೀಪ ಕಂಡ ಮೇಲೆ ಕೈಕಾಲು ಆಡಲು ಮನುಷ್ಯನಿಗೆ ಹತ್ತಿರ ಹತ್ತಿರ ಕಾಲು ಸೆಕೆಂಡು ಬೇಕು. ಸೆಕೆಂಡ್ ಗೇರ್‌ನಲ್ಲಿ ಸೂಜಿ ಸೆಕೆಂಡಿಗೆ 1500 ಆರ್‌ಪಿಎಂನಂತೆ ಏರುತ್ತಿದ್ದರೆ ಅಷ್ಟರಲ್ಲಿ 375 ಆರ್‌ಪಿಎಂ ಹೋಗಿಬಿಟ್ಟಿರುತ್ತದೆ. ಫೋರ್ತ್‌ನಲ್ಲಿ 400ರಂತೆ ಏರುವಾಗ ಬರೀ 100. ಹಾಗಾಗಿ 6600ಕ್ಕೆ ಗೇರ್ ಬೀಳಬೇಕು ಅಂದರೆ ಸೆಕೆಂಡ್‌ಗೆ ದೀಪ 6200ಕ್ಕೇ ಹೊತ್ತಬೇಕು. ಫಸ್ಟ್‌ಗೆ ಇನ್ನೂ ಮುಂಚೆ. ನಾನು ಕೆಂಪನ್ನು 6200ಕ್ಕೆ ಇಟ್ಟು, ಫಸ್ಟ್‌ನಲ್ಲಿ ಎರಡನೇ ಹಳದಿ ಕಂಡ ಕೂಡಲೇ ಕೈ ಹಾಕುವುದನ್ನು, ಫೋರ್ತ್‌ನಲ್ಲಿ ಕೆಂಪು ಹೊತ್ತಿದ ಮೇಲೂ ಒಂದು ಕ್ಷಣ ತಡೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಐದು ದೀಪ ಸಾಲಾಗಿ ಏರುವುದರ ನಿಜವಾದ ಲಾಭ ಇದೇ. ಒಂದೇ ದೀಪದ ಲೈಟ್ ತಗೊಂಡಿದ್ದರೆ ಇದು ಸಾಧ್ಯವೇ ಇರಲಿಲ್ಲ. ಗೇರ್‌ಗೊಂದು ನಂಬರ್ ಇಡುವ ಡಿಜಿಟಲ್ ಡ್ಯಾಶ್‌ಗಳೂ ಇವೆ, ಅವುಗಳ ಬೆಲೆಯೇ ಬೇರೆ.

ಲೂಸ್ ಜಲ್ಲಿ ಮೇಲೆ ಇನ್ನೊಂದು ತೊಂದರೆ. ಚಕ್ರ ಸ್ಪಿನ್ ಆದರೆ ಆರ್‌ಪಿಎಂ ಒಮ್ಮೆಲೆ ಜಿಗಿದು ಕೆಂಪು ಹೊತ್ತುತ್ತದೆ, ಗಾಡಿ ಮಾತ್ರ ಮುಂದೆ ಹೋಗಿರುವುದಿಲ್ಲ. ಅಲ್ಲಿ ಗೇರ್ ಏರಿಸಿದರೆ ಹಿಡಿತ ಸಿಕ್ಕ ಕ್ಷಣ ಇಂಜಿನ್ ಮಲಗುತ್ತದೆ. ಆಕ್ಸಿಲರೇಟರ್ ಸ್ವಲ್ಪ ಬಿಟ್ಟು ಚಕ್ರ ಹಿಡಿಸಿಕೊಳ್ಳೋದೇ ಸರಿ. ಎಸ್ಟೇಟ್ ರಸ್ತೆಯ ಹೇರ್‌ಪಿನ್‌ಗಳ ನಡುವೆಯೂ ಹಾಗೆಯೇ. ಮುಂದಿನ ತಿರುವು ಕಣ್ಣಿಗೆ ಕಾಣುತ್ತಿರುವಾಗ ಕೆಂಪು ಹೊತ್ತಿತು ಅಂತ ಥರ್ಡ್‌ಗೆ ಹಾಕಿ, ಹತ್ತು ಮೀಟರ್‌ಗೆ ಮತ್ತೆ ಸೆಕೆಂಡ್‌ಗೆ ಇಳಿಸುವುದು ಎರಡು ಸಲ ಎಳೆತ ಕಳೆದುಕೊಂಡಂತೆ. ಅಂಥ ಕಡೆ ಸೆಕೆಂಡ್‌ನಲ್ಲೇ ಇದ್ದು, ಅರ್ಧ ಕ್ಷಣ ಕಾಲು ಹಗುರ ಮಾಡಿ, ಬ್ರೇಕ್‌ಗೆ ಹೋಗುವುದು ಲಾಭ. ಪಕ್ಕದಲ್ಲಿ ಕೂತು ದಾರಿ ಹೇಳುವ ಕೋ-ಡ್ರೈವರ್ ಓದುವ ನೋಟ್ಸ್‌ನಲ್ಲಿ ಇಂಥ ಜಾಗಗಳಿಗೆ ‘ಹೋಲ್ಡ್’ ಅಂತ ಬರೆಸಿಟ್ಟಿದ್ದೇನೆ. ದೀಪಕ್ಕಿಂತ ಆ ಒಂದು ಪದಕ್ಕೆ ನಾನು ಕೊಡುವ ಬೆಲೆ ಹೆಚ್ಚು.

ಊರಲ್ಲಿ ಪದೇ ಪದೇ ಕೇಳೋ ಮಾತು ಒಂದಿದೆ: ‘ಘಟ್ಟದ ಮೇಲೆ ಗಾಳಿ ತೆಳು, ಇಂಜಿನ್ ಉಸಿರು ಕಟ್ಟುತ್ತೆ, ಅಲ್ಲಿ ಗೇರ್ ಬೇಗ ಹಾಕಬೇಕು.’ ಮೊದಲರ್ಧ ನಿಜ. ಚಿಕ್ಕಮಗಳೂರು ಪೇಟೆಯೇ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರ, ಟರ್ಬೋ ಇಲ್ಲದ ಇಂಜಿನ್ ಇಲ್ಲೇ ನೂರಕ್ಕೆ ಹತ್ತರಷ್ಟು ಪವರ್ ಕಳೆದುಕೊಂಡಿರುತ್ತದೆ. ಕೈಮರದಿಂದ ಮೇಲೆ ಹತ್ತುತ್ತಿದ್ದಂತೆ ಇನ್ನಷ್ಟು. ಆದರೆ ಆ ನಷ್ಟ 4400ಕ್ಕೂ 6400ಕ್ಕೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಆಗುತ್ತದೆ. ಎರಡು ಗೇರ್‌ಗಳ ಎಳೆತವೂ ಒಟ್ಟಿಗೇ ಇಳಿಯುವುದರಿಂದ ಅವು ಸಮ ಆಗುವ ಆರ್‌ಪಿಎಂ ಬಹುತೇಕ ಅಲ್ಲೇ ಇರುತ್ತದೆ. ಬದಲಾಗೋದು ಸೂಜಿ ಏರುವ ವೇಗ. ಮೇಲೆ ನಿಧಾನ ಏರುತ್ತದೆ, ಹಾಗಾಗಿ ದೀಪವನ್ನು 50 ಆರ್‌ಪಿಎಂ ಮೇಲೆ ಇಡಬಹುದೇ ಹೊರತು ಕೆಳಗೆ ಇಳಿಸಲು ಕಾರಣವೇ ಇಲ್ಲ. ಕಡೂರು ಬಯಲಲ್ಲಿ ಆಟೋಕ್ರಾಸ್‌ಗೆ ಹೋದಾಗಲೂ ನಾನು ಸೆಟ್ಟಿಂಗ್ ಮುಟ್ಟುವುದಿಲ್ಲ.

ಬಾಳಿಕೆ ಬಗ್ಗೆ. ನಮ್ಮ ಮಳೆಗಾಲ ಎಲೆಕ್ಟ್ರಿಕ್ ಸಾಮಾನಿಗೆ ಕಡುಪರೀಕ್ಷೆ. ಮೊದಲ ಜುಲೈಯಲ್ಲೇ ಗಾಜಿನ ಒಳಗೆ ಹಬೆ ಕೂತಿತು. ಬಿಚ್ಚಿ ಒಣಗಿಸಿ, ಅಂಚಿಗೆ ಸಿಲಿಕಾನ್ ಹಾಕಿ ಮುಚ್ಚಿದ ಮೇಲೆ ಮತ್ತೆ ಬಂದಿಲ್ಲ. ಕನೆಕ್ಟರ್ ಪಿನ್‌ಗಳು ಹಸಿರುಗಟ್ಟುತ್ತವೆ, ವರ್ಷಕ್ಕೊಮ್ಮೆ ಕ್ಲೀನ್ ಮಾಡಿ ಗ್ರೀಸ್ ಹಚ್ಚಬೇಕು. ಬೇಸಿಗೆಯ ಕೆಂಧೂಳು ಬಟನ್ ಸಂದಿಗೆ ಹೊಕ್ಕು ಕೆಳಗಿನ ಬಟನ್ ಈಗ ಗಟ್ಟಿಯಾಗಿ ಒತ್ತಿದರಷ್ಟೇ ಕೇಳುತ್ತದೆ. ಬ್ಯಾಟರಿ ಕಳಚಿದರೆ ಸೆಟ್ಟಿಂಗ್ ಅಳಿಸಿಹೋಗುತ್ತದೆ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಸ್ಟೇಜ್‌ಗೆ (ರ್‍ಯಾಲಿಯಲ್ಲಿ ಸಮಯ ಅಳೆಯುವ ಓಟದ ಭಾಗ) ಮುಂಚೆ ಬ್ಯಾಟರಿ ಬದಲಿಸಿದರೆ ಮರೆಯದೆ ಮತ್ತೆ ಹಾಕಬೇಕು. ಶುರುವಿನಲ್ಲಿ ಹೆಡ್‌ಲೈಟ್ ಹಾಕಿದಾಗ ದೀಪಗಳು ಸುಮ್ಮಸುಮ್ಮನೆ ಮಿಟುಕುತ್ತಿದ್ದವು. ಸಿಗ್ನಲ್‌ಗೆ ಶೀಲ್ಡೆಡ್ ವೈರ್ ಎಳೆದು, ಅರ್ಥನ್ನು ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅರ್ಥ್ ಇರುವ ಜಾಗಕ್ಕೇ ಕೊಟ್ಟ ಮೇಲೆ ನಿಂತಿತು.

ಬೆಳಕು ಸಿಲ್ವರ್ ಓಕ್ ನೆರಳಲ್ಲಿ ಕಣ್ಣಿಗೆ ಹಿತವಾಗಿದೆ. ಮಟಮಟ ಮಧ್ಯಾಹ್ನದ ಬಯಲಲ್ಲಿ ಹಳದಿ ಕಾಣುವುದಿಲ್ಲ, ಕೆಂಪು ಕಾಣುತ್ತದೆ. ರಾತ್ರಿ ಸ್ಟೇಜ್‌ಗೆ ಡಿಮ್ ಮಾಡದಿದ್ದರೆ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ, ಮಂಜು ಇದ್ದರಂತೂ ಇನ್ನೂ ಕಷ್ಟ. ಸ್ಟೀರಿಂಗ್ ಕಾಲಮ್ ಮೇಲೆ ಬೇಡ, ನೇರ ನೋಟದ ಗೆರೆಗೆ ಸ್ವಲ್ಪ ಕೆಳಗೆ, ರಸ್ತೆ ನೋಡುತ್ತಲೇ ಕಣ್ಣಂಚಿಗೆ ಬೀಳುವಂತೆ ಕೂರಿಸಿ.

ಫೈನಲ್ ಡ್ರೈವ್ (ಗೇರ್‌ಬಾಕ್ಸ್ ಆಚೆ ಆಕ್ಸಲ್‌ನಲ್ಲಿರುವ ಕೊನೆಯ ಗೇರ್ ಜೋಡಿ) ಅಥವಾ ಟೈರ್ ಸೈಜ್ ಬದಲಿಸಿದರೆ ನಂಬರ್ ಬದಲಿಸಬೇಕೇ ಅಂತ ಇಬ್ಬರು ಗೆಳೆಯರು ಕೇಳಿದ್ದರು. ಬೇಡ. ಅದು ಎಲ್ಲ ಗೇರ್‌ಗೂ ಒಂದೇ ಪ್ರಮಾಣದಲ್ಲಿ ತಾಗುತ್ತದೆ, ಎಳೆತ ಸಮ ಆಗುವ ಆರ್‌ಪಿಎಂ ಕದಲುವುದಿಲ್ಲ. ಸೂಜಿ ಏರುವ ವೇಗ ಬದಲಾಗುವುದರಿಂದ ದೀಪ ಎಷ್ಟು ಮುಂಚೆ ಹೊತ್ತಬೇಕು ಅನ್ನೋದನ್ನು ಮಾತ್ರ ಸ್ವಲ್ಪ ತಿದ್ದಿದರೆ ಸಾಕು. ಆದರೆ ಕ್ಯಾಮ್, ಎಕ್ಸಾಸ್ಟ್ ಹೆಡರ್, ಇಸಿಯು ಮ್ಯಾಪ್ ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಟಾರ್ಕ್ ಗೆರೆಯ ಆಕಾರವೇ ಬೇರೆಯಾಗುತ್ತದೆ. ಆಗ ಹಳೇ ಡೈನೋ ಶೀಟ್ ಬದಿಗಿಟ್ಟು ಹೊಸದು ಮಾಡಿಸಲೇಬೇಕು.